ಭುಜದ ಟೆಂಡನ್ ಹರಿದಿದೆ ಎಂದರೆ ಹೊಲಿಸಲೇಬೇಕೆ?

ಪ್ರಶ್ನೆ: ನನಗೆ 62 ವರ್ಷ. ಪ್ರೌಢಶಾಲಾ ಶಿಕ್ಷಕಿಯಾಗಿದ್ದು ನಿವೃತ್ತಳಾಗಿದ್ದೇನೆ. ಏಳೆಂಟು ತಿಂಗಳಿಂದ ಬಲಭುಜದ ನೋವು. ಬಿದ್ದಿಲ್ಲ, ಪೆಟ್ಟೂ ಆಗಿಲ್ಲ. ರಾತ್ರಿ ಆ ಮಗ್ಗುಲಿಗೆ ಮಲಗಲಾಗುವುದಿಲ್ಲ. ತಂತಿಯ ಮೇಲೆ ಬಟ್ಟೆ ಹರವುವುದು, ಜಡೆ ಹಾಕಿಕೊಳ್ಳುವುದು ಕಷ್ಟ. ಎಂಆರ್‌ಐ ವರದಿಯಲ್ಲಿ ‘ಸುಪ್ರಾಸ್ಪೈನೇಟಸ್ ಫುಲ್ ಥಿಕ್‌ನೆಸ್ ಟೇರ್, 14 ಮಿ.ಮೀ.’ ಎಂದಿದೆ. ಹೆಬ್ಬಾಳದ ಕಡೆ ತೋರಿಸಿದ ವೈದ್ಯರು, ತಡಮಾಡಿದರೆ ದೊಡ್ಡದಾಗುತ್ತದೆ, ಕೀಹೋಲ್ ಆಪರೇಷನ್ ಮಾಡಿಸಿಕೊಳ್ಳಿ ಎಂದರು. ಯಶವಂತಪುರದ ಕಡೆಯ ಇನ್ನೊಬ್ಬರು, ಮೂರು ತಿಂಗಳು ಫಿಸಿಯೋಥೆರಪಿ ಮಾಡಿಕೊಂಡು ಬನ್ನಿ, ಆಮೇಲೆ ನೋಡೋಣ ಎಂದರು. ಹರಿದದ್ದು ವ್ಯಾಯಾಮದಿಂದ ಕೂಡಿಕೊಳ್ಳುವುದು ಹೇಗೆ? ನನ್ನ ಮೈದುನ ಹೋದ ವರ್ಷ ಸ್ಕೂಟರಿನಿಂದ ಬಿದ್ದು ಇದೇ ತೊಂದರೆಗೆ ಆಪರೇಷನ್ ಮಾಡಿಸಿಕೊಂಡು ಈಗ ಚೆನ್ನಾಗಿದ್ದಾರೆ. ಅನಿಲ್ ಕುಂಬ್ಳೆಯವರೇ ಮಾಡಿಸಿಕೊಂಡರಲ್ಲ ಎನ್ನುತ್ತಾನೆ ನನ್ನ ಮಗ. ನನಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ತೆಗೆದುಕೊಳ್ಳುತ್ತೇನೆ. ಇಬ್ಬರಲ್ಲಿ ಯಾರ ಮಾತು ಕೇಳಲಿ?
— ಓದುಗರು, ಯಲಹಂಕ ಉಪನಗರ

ಉತ್ತರ: ನೀವು ಕೊಟ್ಟ ವಿವರಗಳಲ್ಲೇ ಉತ್ತರದ ಅರ್ಧ ಭಾಗವಿದೆ. ಇಬ್ಬರು ವೈದ್ಯರು ಎರಡು ಮಾತು ಹೇಳಿದಾಗ ಒಬ್ಬರಾದರೂ ತಪ್ಪಿರಬೇಕು ಎನ್ನಿಸುವುದು ಸಹಜ. ಇಲ್ಲಿ ಹಾಗಿರಬೇಕಿಲ್ಲ. ಆಪರೇಷನ್ ಎಂದವರು ನಿಮ್ಮ ಭುಜ ಇನ್ನು ಐದು ಹತ್ತು ವರ್ಷಕ್ಕೆ ಏನಾಗಬಹುದು ಎಂದು ಯೋಚಿಸಿದ್ದಾರೆ. ಫಿಸಿಯೋಥೆರಪಿ ಎಂದವರು ಮುಂದಿನ ಮೂರು ತಿಂಗಳಲ್ಲಿ ನೋವು ಕಡಿಮೆ ಮಾಡುವ ಸುಲಭ ದಾರಿ ಯಾವುದು ಎಂದು ಯೋಚಿಸಿದ್ದಾರೆ. ಎರಡು ಲೆಕ್ಕಕ್ಕೂ ಆಧಾರವಿದೆ. ನಿಮ್ಮ ವಯಸ್ಸು, ಹರುಕಿನ ಅಳತೆ, ಬೀಳದೆಯೇ ಬಂದ ನೋವು, ಇವನ್ನು ಒಟ್ಟಿಗೆ ನೋಡಿದರೆ ಮೊದಲು ಕ್ರಮವಾಗಿ ಫಿಸಿಯೋಥೆರಪಿ ಮಾಡುವುದೇ ಸಾಮಾನ್ಯ ಪದ್ಧತಿ, ನನ್ನ ಒಲವೂ ಅತ್ತಲೇ. ಆದರೆ ಈ ಮಾತು ನಿಮ್ಮ ಮೈದುನರಿಗೆ ಒಪ್ಪುವುದಿಲ್ಲ, ಕುಂಬ್ಳೆಯವರಿಗೂ ಒಪ್ಪುವುದಿಲ್ಲ. ಏಕೆಂದು ಒಂದೊಂದಾಗಿ ನೋಡೋಣ.

ಮೊದಲು ಹರಿದಿರುವುದು ಏನು ಎಂಬುದು. ಭುಜದ ಕೀಲಿನಲ್ಲಿ ತೋಳಿನ ಮೂಳೆಯ ತಲೆ ದೊಡ್ಡದು, ಅದು ಕೂರುವ ಗುಳಿ ಚಿಕ್ಕದು, ಆಳವೂ ಕಡಿಮೆ. ತೋಳು ಎಲ್ಲ ದಿಕ್ಕಿಗೂ ತಿರುಗುವುದು ಇದರಿಂದಲೇ, ಕೀಲು ಸುಲಭವಾಗಿ ತಪ್ಪುವುದೂ ಇದರಿಂದಲೇ. ಆ ತಲೆಯನ್ನು ಗುಳಿಯ ನಡುವೆ ಒತ್ತಿ ಹಿಡಿಯುವ ಕೆಲಸ ನಾಲ್ಕು ಸ್ನಾಯುಗಳದ್ದು: ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೀರೆಸ್ ಮೈನರ್, ಸಬ್‌ಸ್ಕ್ಯಾಪುಲಾರಿಸ್. ನಾಲ್ಕೂ ಹೆಗಲ ಮೂಳೆಯಲ್ಲಿ ಹುಟ್ಟಿ, ಕೊನೆಯಲ್ಲಿ ಗಟ್ಟಿ ಎಳೆಗಳ ಪಟ್ಟಿಯಾಗಿ ತೋಳಿನ ಮೂಳೆಗೆ ಅಂಟುತ್ತವೆ. ಆ ಪಟ್ಟಿಯೇ ಟೆಂಡನ್. ನಾಲ್ಕನ್ನೂ ಸೇರಿಸಿ ವೈದ್ಯರು ರೊಟೇಟರ್ ಕಫ್ ಎನ್ನುತ್ತಾರೆ. ಇವುಗಳಲ್ಲಿ ಮೇಲ್ಗಡೆ ಇರುವ ಸುಪ್ರಾಸ್ಪೈನೇಟಸ್ಸೇ ಎಲ್ಲಕ್ಕಿಂತ ಹೆಚ್ಚಾಗಿ ಹರಿಯುವುದು. ನಿಮ್ಮದೂ ಅದೇ.

ವರದಿಯ ‘ಫುಲ್ ಥಿಕ್‌ನೆಸ್’ ಎಂಬ ಮಾತು ಬಹಳ ಜನರನ್ನು ಹೆದರಿಸುತ್ತದೆ. ಟೆಂಡನ್ ಪೂರ್ತಿ ತುಂಡಾಗಿದೆ ಎಂದು ಅದರ ಅರ್ಥವಲ್ಲ. ಪಟ್ಟಿಯ ಮೇಲ್ಮೈಯಿಂದ ಕೆಳಮೈವರೆಗೆ ಆರಪಾರ ತೂತಾಗಿದೆ ಎಂದಷ್ಟೇ. ತೂತು ಎಷ್ಟು ಅಗಲ ಎಂಬುದು ಬೇರೆ ಲೆಕ್ಕ. 1 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸಣ್ಣದು, 1ರಿಂದ 3 ಸೆಂ.ಮೀ. ಮಧ್ಯಮ, 3ರಿಂದ 5 ದೊಡ್ಡದು, 5 ದಾಟಿದರೆ ಬೃಹತ್ತು ಎಂಬ ವಿಂಗಡಣೆ ಬಳಕೆಯಲ್ಲಿದೆ. ನಿಮ್ಮ 14 ಮಿ.ಮೀ. ಮಧ್ಯಮ ವರ್ಗದ ಕೆಳತುದಿಗೆ ಬರುತ್ತದೆ. ಸುತ್ತಲಿನ ಎಳೆಗಳು ಇನ್ನೂ ಮೂಳೆಯನ್ನು ಹಿಡಿದುಕೊಂಡೇ ಇವೆ.

ಇನ್ನೊಂದು ಸಂಗತಿ ನಿಮಗೆ ಆಶ್ಚರ್ಯವಾಗಬಹುದು. ಟೆಂಡನ್ ಹರಿದವರಿಗೆಲ್ಲ ನೋವಿರುವುದಿಲ್ಲ. 1999ರಲ್ಲಿ ಜರ್ಮನಿಯ ವೈದ್ಯರು ಭುಜದ ತೊಂದರೆಯೇ ಇಲ್ಲದ 411 ಜನರ ಭುಜವನ್ನು ಅಲ್ಟ್ರಾಸೌಂಡಿನಲ್ಲಿ ನೋಡಿದರು. ಐವತ್ತರ ದಶಕದವರಲ್ಲಿ ನೂರಕ್ಕೆ 13, ಅರವತ್ತರವರಲ್ಲಿ 20, ಎಪ್ಪತ್ತರವರಲ್ಲಿ 31, ಎಂಬತ್ತು ದಾಟಿದವರಲ್ಲಿ 51 ಮಂದಿಗೆ ಟೆಂಡನ್ ಹರಿದಿತ್ತು. ಜಪಾನಿನ ಒಂದು ಹಳ್ಳಿಯಲ್ಲಿ 664 ಜನರನ್ನು ಹೀಗೆಯೇ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ವರದಿಯೂ ಇದನ್ನೇ ಹೇಳಿತು: ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಆರಪಾರ ಹರುಕು, ಅವರಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ಅದರ ಸುಳಿವೇ ಇಲ್ಲ. ವಯಸ್ಸಾದಂತೆ ಕೂದಲು ನರೆಯುವ ಹಾಗೆ ಇದೂ ಒಂದು ಸವೆತ. ಎಂಆರ್‌ಐ ತೋರಿಸಿದ್ದೆಲ್ಲವೂ ನೋವಿನ ಮೂಲವಾಗಿರಬೇಕಿಲ್ಲ. ನೋವೇ ಇಲ್ಲದ ಎಡಭುಜವನ್ನು ಇಂದು ಸ್ಕ್ಯಾನ್ ಮಾಡಿಸಿದರೆ ಅಲ್ಲೂ ಏನಾದರೂ ಕಂಡರೆ ಅಚ್ಚರಿಯಿಲ್ಲ. (ಹಾಗೆಂದು ಮಾಡಿಸಲು ಹೋಗಬೇಡಿ. ಮನೆಯಲ್ಲಿ ಚಿಂತೆ ಎರಡಾಗುತ್ತದೆ, ಚಿಕಿತ್ಸೆ ಬದಲಾಗುವುದಿಲ್ಲ.)

ಈಗ ನಿಮ್ಮ ಮುಖ್ಯ ಸಂಶಯ. ಹರಿದದ್ದು ವ್ಯಾಯಾಮದಿಂದ ಕೂಡುತ್ತದೆಯೇ? ಕೂಡುವುದಿಲ್ಲ. ಆರಪಾರ ಹರಿದ ಟೆಂಡನ್ನಿನ ತುದಿಯನ್ನು ಸ್ನಾಯು ಒಳಕ್ಕೆ ಎಳೆಯುತ್ತಿರುತ್ತದೆ, ಕೀಲಿನ ದ್ರವ ಆ ತೂತಿನಲ್ಲಿ ಹರಿದಾಡುತ್ತಿರುತ್ತದೆ, ಆ ಜಾಗಕ್ಕೆ ರಕ್ತದ ಪೂರೈಕೆಯೂ ಕಡಿಮೆ. ತಾನಾಗಿಯೇ ಮತ್ತೆ ಮೂಳೆಗೆ ಅಂಟುವ ನಿರೀಕ್ಷೆ ಇಟ್ಟುಕೊಳ್ಳುವಂತಿಲ್ಲ. ನಿಮ್ಮ ತರ್ಕ ಅಲ್ಲಿಯವರೆಗೆ ಸರಿಯಾಗಿಯೇ ಇದೆ. ಎಡವಿದ್ದು ಮುಂದಿನ ಹೆಜ್ಜೆಯಲ್ಲಿ: ಕೂಡದಿದ್ದರೆ ನೋವು ಹೋಗದು ಎಂದುಕೊಂಡದ್ದು. ಮೇಲೆ ಹೇಳಿದ ಆ ಜರ್ಮನ್ನರು, ಜಪಾನೀಯರು ಹರಿದ ಟೆಂಡನ್ ಇಟ್ಟುಕೊಂಡೇ ಬಟ್ಟೆ ಒಣಗಿಸುತ್ತಿದ್ದರು, ಹೊಲದಲ್ಲಿ ಕೆಲಸ ಮಾಡುತ್ತಿದ್ದರು. ಉಳಿದ ಮೂರು ಸ್ನಾಯುಗಳು, ಭುಜದ ಹೊರಗಿನ ದೊಡ್ಡ ಡೆಲ್ಟಾಯ್ಡ್, ಹೆಗಲ ಮೂಳೆಯನ್ನು ಆಡಿಸುವ ಬೆನ್ನಿನ ಸ್ನಾಯುಗಳು ಹೊರೆ ಹಂಚಿಕೊಂಡರೆ ಮೂಳೆಯ ತಲೆ ಮತ್ತೆ ಗುಳಿಯ ನಡುವೆ ನಿಲ್ಲುತ್ತದೆ. ಟೆಂಡನ್ನಿನ ಮೇಲಿರುವ ತೆಳು ಚೀಲದ ಉರಿಯೂತ ಇಳಿಯುತ್ತದೆ. ನಿಮ್ಮ ರಾತ್ರಿಯ ನೋವಿನಲ್ಲಿ ಈ ಉರಿಯೂತದ ಪಾಲು ದೊಡ್ಡದಿರಬಹುದು. ಫಿಸಿಯೋಥೆರಪಿ ತೂತು ಮುಚ್ಚುವುದಿಲ್ಲ. ತೂತಿದ್ದೂ ತೋಳು ನಡೆಯುವಂತೆ ಮಾಡುತ್ತದೆ.

ಇನ್ನು ನಿಮ್ಮ ಮೈದುನರ ವಿಚಾರ. ಅವರದೂ ನಿಮ್ಮದೂ ಒಂದೇ ಹೆಸರಿನ ತೊಂದರೆ, ಆದರೆ ಒಂದೇ ತೊಂದರೆಯಲ್ಲ. ಅವರ ಟೆಂಡನ್ ಬೀಳುವ ಹಿಂದಿನ ದಿನದವರೆಗೆ ಸರಿಯಾಗಿದ್ದು ಒಂದೇ ಕ್ಷಣದಲ್ಲಿ ಕಿತ್ತುಬಂದದ್ದು. ಇಂಥದ್ದಕ್ಕೆ ಕಾಯುವುದು ಒಳ್ಳೆಯದಲ್ಲ. ಕಿತ್ತ ತುದಿ ದಿನದಿಂದ ದಿನಕ್ಕೆ ಒಳಕ್ಕೆ ಸರಿಯುತ್ತದೆ, ಸ್ನಾಯು ಸೊರಗುತ್ತದೆ. ಮೊದಲ ಕೆಲವು ವಾರಗಳಲ್ಲಿ ಹೊಲಿದರೆ ಫಲ ಚೆನ್ನಾಗಿರುತ್ತದೆ, ಮೂರು ನಾಲ್ಕು ತಿಂಗಳು ದಾಟಿದರೆ ಕೆಲಸ ಕಠಿಣವಾಗುತ್ತಾ ಹೋಗುತ್ತದೆ. ಆದ್ದರಿಂದ ನಿಮ್ಮ ಮನೆಯವರೆಲ್ಲ ನೆನಪಿಟ್ಟುಕೊಳ್ಳಬೇಕಾದ ಒಂದು ಮಾತು: ಬಳ್ಳಾರಿ ರಸ್ತೆಯ ಸರ್ವಿಸ್ ರೋಡಿನಲ್ಲಿ ಗಾಡಿ ಜಾರಿ ಬಿದ್ದಾಗಲೋ, ಬಸ್ಸು ಗಕ್ಕನೆ ಬ್ರೇಕ್ ಹಾಕಿ ಕಂಬಿ ಹಿಡಿದ ಕೈ ಜಗ್ಗಿದಾಗಲೋ, ನಲವತ್ತು ದಾಟಿದವರಿಗೆ ಭುಜದ ಕೀಲು ತಪ್ಪಿದಾಗಲೋ, ಆಮೇಲೆ ತೋಳು ಎತ್ತಲು ಆಗುತ್ತಿಲ್ಲ ಎಂದರೆ ‘ಬರೀ ಉಳುಕು, ಎಣ್ಣೆ ತಿಕ್ಕಿದರೆ ಹೋಗುತ್ತೆ’ ಎಂದು ತಿಂಗಳುಗಟ್ಟಲೆ ಕೂರಬಾರದು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ ಎಂದು ಬಂದ ಮಾತ್ರಕ್ಕೆ ಟೆಂಡನ್ ಸರಿಯಾಗಿದೆ ಎಂದಾಗುವುದಿಲ್ಲ, ಎಕ್ಸ್‌ರೇಯಲ್ಲಿ ಟೆಂಡನ್ ಕಾಣುವುದೇ ಇಲ್ಲ. ಒಂದೆರಡು ವಾರದೊಳಗೆ ಮೂಳೆತಜ್ಞರು ನೋಡಿ, ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕೇ ಎಂದು ತೀರ್ಮಾನಿಸಬೇಕು.

ಕುಂಬ್ಳೆಯವರ ಮಾತಿಗೆ ಬಂದರೆ, 2001ರ ಆರಂಭದಲ್ಲಿ ಆಸ್ಟ್ರೇಲಿಯಾ ತಂಡ ಭಾರತಕ್ಕೆ ಬಂದಾಗ ಅವರು ಭುಜದ ಶಸ್ತ್ರಚಿಕಿತ್ಸೆಯ ಕಾರಣ ಆಡಲಿಲ್ಲ. ಆಮೇಲೆ ಮರಳಿ ಬಂದು 2008ರವರೆಗೆ ಆಡಿ 619 ಟೆಸ್ಟ್ ವಿಕೆಟ್‌ಗಳಿಗೆ ಮುಟ್ಟಿದರು. ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ಆದರೆ ಆಗ ಅವರಿಗೆ ಮೂವತ್ತು ವರ್ಷ. ಓವರಿಗೆ ಆರು ಸಲದಂತೆ ದಿನವಿಡೀ ತೋಳನ್ನು ತಲೆಯ ಮೇಲಿಂದ ಬೀಸುವುದು ಅವರ ಜೀವನೋಪಾಯ. ಮೂವತ್ತರ ಟೆಂಡನ್ನಿನ ಗಟ್ಟಿತನ, ಅವರ ಭುಜದಿಂದ ಅವರು ಬಯಸುತ್ತಿದ್ದ ಕೆಲಸ, ಎರಡೂ ನಿಮ್ಮದಕ್ಕಿಂತ ಬೇರೆ. ಇದೇ ತರ್ಕ ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ ನಲವತ್ತೈದರ ಹಮಾಲಿಗೂ ಅನ್ವಯಿಸುತ್ತದೆ. ಅವರಿಗೆ ನಿಮ್ಮಷ್ಟೇ ಹರುಕಿದ್ದರೂ ಆಪರೇಷನ್ ಕಡೆಗೆ ಬೇಗ ವಾಲುವ ವೈದ್ಯರನ್ನು ನಾನು ತಪ್ಪು ಎನ್ನಲಾರೆ. ಕಷ್ಟವೆಂದರೆ ಆರು ತಿಂಗಳು ಮೂಟೆ ಮುಟ್ಟದೆ ಸಂಸಾರ ನಡೆಯುವುದು ಹೇಗೆ ಎಂಬ ಪ್ರಶ್ನೆಗೆ ಎಂಆರ್‌ಐಯಲ್ಲಿ ಉತ್ತರವಿರುವುದಿಲ್ಲ.

ನಿಮ್ಮಂಥವರ ಮೇಲೆ ನಡೆದ ಅಧ್ಯಯನಗಳು ಏನು ಹೇಳುತ್ತವೆ? ಮೂರನ್ನು ಹೇಳುತ್ತೇನೆ. ಅಮೆರಿಕದಲ್ಲಿ ಪೆಟ್ಟಿಲ್ಲದೆ ಆರಪಾರ ಹರಿದ 452 ಜನರಿಗೆ ಮೊದಲು ಫಿಸಿಯೋಥೆರಪಿ ಕೊಟ್ಟು ನೋಡಿದರು. 2013ರ ವರದಿಯಂತೆ, ಎರಡು ವರ್ಷವಾದಾಗ ಆಪರೇಷನ್ ಬೇಕೆಂದು ಹೋದವರು ಕಾಲು ಭಾಗಕ್ಕಿಂತ ಕಡಿಮೆ. ಹೋದವರಲ್ಲಿ ಹೆಚ್ಚಿನವರು ಮೊದಲ ಮೂರು ತಿಂಗಳೊಳಗೇ ಹೋದರು. ಮೂರು ತಿಂಗಳು ನೋಡೋಣ ಎಂದು ವೈದ್ಯರು ಹೇಳುವುದರ ಹಿಂದೆ ಇಂಥ ಅನುಭವವಿದೆ. ಫಿನ್ಲೆಂಡಿನಲ್ಲಿ 55 ದಾಟಿದವರ 180 ಭುಜಗಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಫಿಸಿಯೋಥೆರಪಿ ಮಾತ್ರ, ಒಂದಕ್ಕೆ ಜೊತೆಗೆ ಮೇಲಿನ ಮೂಳೆಯನ್ನು ತುಸು ಕೆರೆಯುವುದು, ಇನ್ನೊಂದಕ್ಕೆ ಇವೆರಡರ ಜೊತೆ ಟೆಂಡನ್ ಹೊಲಿಗೆ. ಒಂದು ವರ್ಷಕ್ಕೂ ಎರಡು ವರ್ಷಕ್ಕೂ ಮೂರು ಗುಂಪುಗಳ ನಡುವೆ ರೋಗಿಗೆ ಗೊತ್ತಾಗುವಂಥ ವ್ಯತ್ಯಾಸ ಸಿಗಲಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಹೆಬ್ಬಾಳದ ವೈದ್ಯರಿಗೆ ಅನ್ಯಾಯವಾಗುತ್ತದೆ. ಮೂರನೆಯ ಅಧ್ಯಯನ ನಾರ್ವೆಯದು, ಅದು ಅವರ ಪರ. ಅಲ್ಲಿ 3 ಸೆಂ.ಮೀ. ಮೀರದ ಹರುಕಿದ್ದ 103 ಜನರನ್ನು ಎರಡು ಗುಂಪು ಮಾಡಿ ಹತ್ತು ವರ್ಷ ಹಿಂಬಾಲಿಸಿದರು. ಫಿಸಿಯೋಥೆರಪಿಯ ಗುಂಪಿನ 51 ಜನರಲ್ಲಿ 14 ಮಂದಿ ಮುಂದೆ ಎಂದಾದರೂ ಆಪರೇಷನ್ ಮಾಡಿಸಿಕೊಂಡರು. 2019ರಲ್ಲಿ ಹತ್ತು ವರ್ಷದ ಲೆಕ್ಕ ಬಂದಾಗ ಮೊದಲೇ ಹೊಲಿಸಿಕೊಂಡ ಗುಂಪು ನೂರು ಅಂಕದ ಅಳತೆಯಲ್ಲಿ ಸುಮಾರು ಹತ್ತು ಅಂಕ ಮುಂದಿತ್ತು. ಮೊದಲ ವರ್ಷಗಳಲ್ಲಿ ಇದ್ದ ಅಂತರಕ್ಕಿಂತ ಇದು ದೊಡ್ಡದು. ಜೊತೆಗೆ, ಹೊಲಿಸದೆ ಬಿಟ್ಟ ಭುಜಗಳಲ್ಲಿ ನೂರಕ್ಕೆ 37ರಲ್ಲಿ ಐದು ವರ್ಷದಲ್ಲಿ ಹರುಕು 5 ಮಿ.ಮೀ.ಗಿಂತ ಹೆಚ್ಚು ಬೆಳೆದಿತ್ತು. ಹಾಗಾಗಿ ‘ತಡಮಾಡಿದರೆ ದೊಡ್ಡದಾಗುತ್ತದೆ’ ಎಂಬುದು ಬರೀ ಹೆದರಿಕೆಯ ಮಾತಲ್ಲ. ಆದರೆ ಅದು ವರ್ಷಗಳ ಲೆಕ್ಕ. ಬೀಳದೆ ಬಂದ ಹರುಕಿಗೆ ಮೂರು ತಿಂಗಳು ಕಾದದ್ದರಿಂದ ಹೊಲಿಯುವ ಅವಕಾಶವೇ ತಪ್ಪಿತು ಎನ್ನುವಂತೆ ಆಗುವುದು ಅಪರೂಪ.

ಹರುಕಿನ ಅಗಲಕ್ಕಿಂತಲೂ ನಾನು ಹೆಚ್ಚು ಗಮನ ಕೊಡಲು ಹೇಳುವುದು ಸ್ನಾಯುವಿನ ಸ್ಥಿತಿಗೆ. ಬಹುಕಾಲ ಕೆಲಸವಿಲ್ಲದೆ ಬಿದ್ದ ಸ್ನಾಯುವಿನೊಳಗೆ ಕೊಬ್ಬು ಸೇರಿಕೊಳ್ಳುತ್ತದೆ. ಅದನ್ನು ಅಳೆಯಲು ಫ್ರಾನ್ಸಿನ ಗುಟಾಲಿಯೇ 1994ರಲ್ಲಿ ಪ್ರಕಟಿಸಿದ ಶ್ರೇಣಿ ಇಂದಿಗೂ ಬಳಕೆಯಲ್ಲಿದೆ. ಸೊನ್ನೆ ಎಂದರೆ ಕೊಬ್ಬಿಲ್ಲ, ನಾಲ್ಕು ಎಂದರೆ ಸ್ನಾಯುವಿಗಿಂತ ಕೊಬ್ಬೇ ಹೆಚ್ಚು. ಒಮ್ಮೆ ಸೇರಿದ ಕೊಬ್ಬು ಹೊಲಿದ ಮೇಲೂ ಸಾಮಾನ್ಯವಾಗಿ ಹೋಗುವುದಿಲ್ಲ. ಮೂರು ನಾಲ್ಕಕ್ಕೆ ಬಂದ ಸ್ನಾಯುವಿನ ಟೆಂಡನ್ ಹೊಲಿದರೂ ನಿಲ್ಲುವ ಭರವಸೆ ಕಡಿಮೆ. ನೀವು ಬರೆದ ಸಾಲಿನಲ್ಲಿ ಈ ಶ್ರೇಣಿಯಿಲ್ಲ. ವರದಿಯನ್ನು ಮತ್ತೊಮ್ಮೆ ನೋಡಿ, ಇಲ್ಲದಿದ್ದರೆ ಸಿ.ಡಿ. ತೋರಿಸಿ ಕೇಳಿ. ಸೊನ್ನೆ ಅಥವಾ ಒಂದು ಎಂದಿದ್ದರೆ ನಿಶ್ಚಿಂತೆಯಿಂದ ಫಿಸಿಯೋಥೆರಪಿ ಶುರುಮಾಡಬಹುದು. ಎರಡು ಎಂದಿದ್ದರೆ ಅದು ಏರುತ್ತಿದೆಯೇ ಎಂದು ಹೆಚ್ಚು ಎಚ್ಚರದಿಂದ ಕಾಯಬೇಕು, ಆಪರೇಷನ್ ಎಂದವರ ಮಾತಿಗೆ ಅಲ್ಲಿ ತೂಕ ಹೆಚ್ಚು.

ನಿಮ್ಮ ಸಕ್ಕರೆ ಕಾಯಿಲೆಯನ್ನು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ, ಅದು ಮೊದಲು ಬರಬೇಕಿತ್ತು. ಮಧುಮೇಹಿಗಳಲ್ಲಿ ಭುಜ ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರ್ ಹೆಚ್ಚು. ಅದರ ನೋವೂ ರಾತ್ರಿಯೇ ಜೋರು, ಅದರಲ್ಲೂ ಜಡೆ ಹಾಕಲಾಗುವುದಿಲ್ಲ. ಎರಡನ್ನೂ ಬೇರೆ ಮಾಡುವ ಸುಲಭ ಪರೀಕ್ಷೆಯೊಂದಿದೆ. ಮಲಗಿಕೊಂಡು ತೋಳನ್ನು ಸಡಿಲ ಬಿಡಿ, ಮನೆಯವರು ಅದನ್ನು ನಿಧಾನವಾಗಿ ಮೇಲೆತ್ತಲಿ. ಆಮೇಲೆ ಮೊಣಕೈಯನ್ನು ಪಕ್ಕೆಗೆ ತಾಗಿಸಿಟ್ಟು ಮುಂಗೈಯನ್ನು ಹೊರಕ್ಕೆ ತಿರುಗಿಸಲಿ. ನೀವಾಗಿ ಎತ್ತಲಾಗದ ತೋಳು ಅವರ ಕೈಯಲ್ಲಿ ಸರಾಗವಾಗಿ ಹೋದರೆ ತೊಂದರೆ ಟೆಂಡನ್ನಿನ ಬಲದ್ದು. ಅವರು ಎತ್ತಿದರೂ ಹೋಗದೆ, ಹೊರಕ್ಕೂ ತಿರುಗದೆ ತಡೆದು ನಿಂತರೆ ಕೀಲಿನ ಸುತ್ತಲಿನ ಪೊರೆ ಬಿಗಿದಿದೆ. ಎಂಆರ್‌ಐಯಲ್ಲಿ ಹರುಕು ಕಂಡರೂ ನಿಜವಾದ ತೊಂದರೆ ಈ ಬಿಗಿತದ್ದೇ ಆಗಿರಬಹುದು. ಬಿಗಿದ ಭುಜಕ್ಕೆ ಆತುರದಿಂದ ಹೊಲಿಗೆ ಹಾಕಿದರೆ ಇನ್ನಷ್ಟು ಬಿಗಿಯಬಹುದು, ಸಾಮಾನ್ಯವಾಗಿ ಮೊದಲು ಬಿಗಿತವನ್ನು ಬಿಡಿಸುತ್ತಾರೆ. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ, ‘ಇದನ್ನು ನೋಡಿದಿರಾ?’ ಎಂದು ಕೇಳಲು ನಿಮಗೊಂದು ಆಧಾರ. ಹಾಗೆಯೇ ನೋವು ಮೊಣಕೈ ದಾಟಿ ಬೆರಳಿನವರೆಗೆ ಜುಮುಗುಟ್ಟಿದರೆ ಕತ್ತಿನ ನರವನ್ನು ನೋಡಬೇಕು. ನಡೆಯುವಾಗ, ಮೆಟ್ಟಿಲು ಹತ್ತುವಾಗ ಭುಜ ಅಥವಾ ಎದೆ ಹಿಂಡಿದಂತಾಗಿ ನಿಂತರೆ ಕಡಿಮೆಯಾಗುತ್ತಿದ್ದರೆ ಮೂಳೆತಜ್ಞರಿಗಿಂತ ಮೊದಲು ಹೃದಯದ ವೈದ್ಯರನ್ನು ನೋಡಿ.

ಫಿಸಿಯೋಥೆರಪಿ ಎಂದರೆ ಬಿಸಿ ಶಾಖ, ವಿದ್ಯುತ್ ಯಂತ್ರದ ಜುಮ್ಮೆನ್ನುವಿಕೆ ಎಂದು ಬಹಳ ಜನ ತಿಳಿದಿದ್ದಾರೆ. ಅವು ಆ ಹೊತ್ತಿಗೆ ಹಾಯೆನಿಸಬಹುದು, ಚಿಕಿತ್ಸೆಯ ತಿರುಳು ಮಾತ್ರ ವ್ಯಾಯಾಮ. ಮೊದಲ ವಾರಗಳಲ್ಲಿ ಬಾಗಿ ನಿಂತು ತೋಳನ್ನು ಇಳಿಬಿಟ್ಟು ತೂಗುವುದು, ಮೇಜಿನ ಮೇಲೆ ಬಟ್ಟೆಯಿಟ್ಟು ಕೈ ಮುಂದಕ್ಕೆ ಜಾರಿಸುವುದು, ಗೋಡೆಯ ಮೇಲೆ ಬೆರಳು ನಡೆಸುವುದು, ಹೆಗಲ ಮೂಳೆಗಳನ್ನು ಹಿಂದಕ್ಕೆ ಸೇರಿಸಿ ಹಿಡಿಯುವುದು. ನೋವು ಹದಕ್ಕೆ ಬಂದ ಮೇಲೆ ರಬ್ಬರ್ ಪಟ್ಟಿ ಹಿಡಿದು, ಮೊಣಕೈ ಪಕ್ಕೆಯಲ್ಲೇ ಇಟ್ಟು ಮುಂಗೈಯನ್ನು ಒಳಕ್ಕೆ ಹೊರಕ್ಕೆ ಎಳೆಯುವುದು, ಮಲಗಿಕೊಂಡು ತೋಳೆತ್ತುವುದು, ಕ್ರಮೇಣ ಕುಳಿತು ಎತ್ತುವುದು. ತೋಳು ತೂಗುವ ವ್ಯಾಯಾಮಕ್ಕೆ ಬಾಸ್ಟನ್ನಿನ ಕಾಡ್‌ಮನ್ ಎಂಬ ವೈದ್ಯರ ಹೆಸರಿದೆ. 1909ರಲ್ಲಿ ಈ ಟೆಂಡನ್ನಿಗೆ ಹೊಲಿಗೆ ಹಾಕಿ, 1911ರಲ್ಲಿ ಅದರ ಬಗ್ಗೆ ಬರೆದ ಶಸ್ತ್ರವೈದ್ಯರೂ ಅವರೇ. ಎರಡೂ ದಾರಿಗಳನ್ನು ವೈರಿಗಳಂತೆ ನೋಡುವವರಿಗೆ ಇದನ್ನು ಹೇಳಬೇಕೆನ್ನಿಸುತ್ತದೆ.

ಇದನ್ನೆಲ್ಲ ದಿನಾ ಮನೆಯಲ್ಲೇ ಮಾಡಬೇಕು, ವಾರಕ್ಕೆ ಒಂದೆರಡು ಸಲ ಫಿಸಿಯೋಥೆರಪಿಸ್ಟ್ ನೋಡಿ ತಿದ್ದಬೇಕು. ಆದ್ದರಿಂದ ಹೆಸರುವಾಸಿ ಎಂದು ಹೆಬ್ಬಾಳ ಫ್ಲೈಓವರಿನ ಆಚೆ ಹುಡುಕಿಕೊಂಡು ಹೋಗಬೇಡಿ. ಆ ಟ್ರಾಫಿಕ್ಕಿನಲ್ಲಿ ಮೂರನೆಯ ವಾರಕ್ಕೇ ಉತ್ಸಾಹ ಇಳಿಯುತ್ತದೆ. ಉಪನಗರದಲ್ಲೇ ನಡೆದು ಹೋಗುವಷ್ಟು ದೂರದಲ್ಲಿ, ಪ್ರತಿ ಸಲ ವ್ಯಾಯಾಮವನ್ನು ಮಾಡಿಸಿ ನೋಡುವವರು ಸಿಕ್ಕರೆ ಸಾಕು. ಅಮೆರಿಕದ ಆ 452 ಜನರನ್ನು ಮುಂದೆಯೂ ಗಮನಿಸಿದಾಗ, ಯಾರು ಆಪರೇಷನ್ನಿಗೆ ಹೋಗುತ್ತಾರೆ ಎಂಬುದನ್ನು ಹರುಕಿನ ಅಳತೆಗಿಂತ ಚೆನ್ನಾಗಿ ಸೂಚಿಸಿದ್ದು ವ್ಯಾಯಾಮದಿಂದ ಉಪಯೋಗವಾದೀತೆಂದು ಅವರು ಆರಂಭದಲ್ಲಿ ಎಷ್ಟು ನಂಬಿದ್ದರು ಎಂಬುದು. ನಂಬಿಕೆಯೇ ಔಷಧಿ ಎನ್ನುತ್ತಿಲ್ಲ. ಅರೆಮನಸ್ಸಿನಿಂದ ಮಾಡಿದ ಮೂರು ತಿಂಗಳನ್ನು ‘ಮಾಡಿ ನೋಡಿದೆ, ಆಗಲಿಲ್ಲ’ ಎಂಬ ಲೆಕ್ಕಕ್ಕೆ ಸೇರಿಸಬಾರದು, ಅಷ್ಟೆ.

ನೋವು ವ್ಯಾಯಾಮಕ್ಕೇ ಬಿಡದಷ್ಟಿದ್ದರೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದುಂಟು. ಒಂದಕ್ಕೆ ನನ್ನ ಆಕ್ಷೇಪವಿಲ್ಲ, ಮತ್ತೆ ಮತ್ತೆ ಚುಚ್ಚಿಸಿಕೊಳ್ಳುವುದಕ್ಕಿದೆ, ಅದು ಟೆಂಡನ್ನನ್ನು ದುರ್ಬಲಗೊಳಿಸಬಹುದು. ನಿಮಗೆ ಕೆಲವು ದಿನ ಸಕ್ಕರೆ ಏರುತ್ತದೆ, ಮನೆಯಲ್ಲಿ ಗ್ಲೂಕೋಮೀಟರ್ ಇಟ್ಟುಕೊಳ್ಳಿ. ಇಂಜೆಕ್ಷನ್ ಆದ ಕೂಡಲೇ ಆಪರೇಷನ್ ಆದರೆ ಸೋಂಕಿನ ಅಪಾಯ ಹೆಚ್ಚು, ಆದ್ದರಿಂದ ಹಾಕಿಸಿಕೊಂಡಿದ್ದರೆ ಸರ್ಜನ್‌ಗೆ ತಪ್ಪದೆ ಹೇಳಬೇಕು. ಪಿಆರ್‌ಪಿ ಎಂದು ನಿಮ್ಮದೇ ರಕ್ತದಿಂದ ತಯಾರಿಸಿ ಚುಚ್ಚುವುದರ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಅದಕ್ಕೆ ಹಣ ಹಾಕುವ ಮೊದಲು ನಾನಾದರೆ ಎರಡು ಸಲ ಯೋಚಿಸುತ್ತೇನೆ. ಟೆಂಡನ್ ಹೊಲಿಯದೆ ಮೂಳೆ ಮಾತ್ರ ಕೆರೆಯುತ್ತೇವೆ ಎಂದರೆ ಕಾರಣ ಕೇಳಿ. ಟೆಂಡನ್ ಆರಪಾರ ಹರಿಯದ ಭುಜನೋವಿನವರ ಮೇಲೆ ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಾಗೆ ಕೆರೆದದ್ದಕ್ಕೂ ಕ್ಯಾಮೆರಾ ತೂರಿಸಿ ಏನೂ ಮಾಡದೆ ಬಿಟ್ಟದ್ದಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಆಪರೇಷನ್ ಎಂದರೇನು ಎಂದೂ ತಿಳಿದಿರಲಿ. ಮೂರು ನಾಲ್ಕು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ, ಉಪಕರಣಗಳನ್ನು ತೂರಿಸಿ, ತೋಳಿನ ಮೂಳೆಯಲ್ಲಿ ಆ್ಯಂಕರ್ ಎಂಬ ಪುಟ್ಟ ಮೊಳೆಗಳನ್ನು ಕೂರಿಸಿ, ಅದರ ದಾರದಿಂದ ಟೆಂಡನ್ನನ್ನು ಎಳೆದು ಕಟ್ಟುತ್ತಾರೆ. ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಗಾಯ ಸಣ್ಣದೆಂದು ಚೇತರಿಕೆಯೂ ಸಣ್ಣದು ಎಂದುಕೊಳ್ಳಬೇಡಿ, ಮೋಸಹೋಗುವುದು ಇಲ್ಲೇ. ನಾಲ್ಕರಿಂದ ಆರು ವಾರ ಕೈಜೋಳಿಗೆ. ಅಷ್ಟೂ ದಿನ ದಿಂಬಿಗೊರಗಿ ಮಲಗುವುದು, ಸ್ನಾನಕ್ಕೆ, ಸೀರೆಗೆ, ಜಡೆಗೆ ಇನ್ನೊಬ್ಬರ ನೆರವು. ಆರು ವಾರದ ಮೇಲೆ ತೋಳನ್ನು ತಾನಾಗಿ ಎತ್ತುವ ಅಭ್ಯಾಸ, ಮೂರು ತಿಂಗಳ ಮೇಲೆ ಬಲದ ವ್ಯಾಯಾಮ, ನೀರಿನ ಬಿಂದಿಗೆ ಎತ್ತುವಂತಾಗಲು ಆರು ತಿಂಗಳಾದರೂ ಬೇಕು. ಅಂದರೆ ಆಪರೇಷನ್ ಆರಿಸಿಕೊಂಡರೂ ಫಿಸಿಯೋಥೆರಪಿ ತಪ್ಪುವುದಿಲ್ಲ, ಇನ್ನೂ ಉದ್ದವಾಗುತ್ತದೆ.

ಹೊಲಿದದ್ದು ಎಲ್ಲರಿಗೂ ನಿಲ್ಲುವುದೂ ಇಲ್ಲ. ಸವೆದ ಪಂಚೆಯ ಅಂಚಿಗೆ ಹಾಕಿದ ಹೊಲಿಗೆಯಲ್ಲಿ ದಾರ ಗಟ್ಟಿಯಿದ್ದರೂ ಬಟ್ಟೆ ಬಿಟ್ಟುಕೊಳ್ಳುವ ಹಾಗೆ, ವಯಸ್ಸು, ಹರುಕಿನ ಅಗಲ, ಕೊಬ್ಬು, ಧೂಮಪಾನ, ಹತೋಟಿ ತಪ್ಪಿದ ಸಕ್ಕರೆ, ಇವೆಲ್ಲ ಮರುಹರುಕಿನ ಸಾಧ್ಯತೆಯನ್ನು ಹೆಚ್ಚಿಸುತ್ತವೆ. 2004ರಲ್ಲಿ ಅಮೆರಿಕದ ಒಂದು ತಂಡ, ತಾವು ಕೀಹೋಲಿನಲ್ಲಿ ಹೊಲಿದ 18 ದೊಡ್ಡ ಹರುಕುಗಳಲ್ಲಿ 17 ಮತ್ತೆ ಬಿಟ್ಟುಕೊಂಡಿದ್ದವು ಎಂದು ಮುಚ್ಚುಮರೆಯಿಲ್ಲದೆ ಪ್ರಕಟಿಸಿತು. ಸೋಜಿಗವೆಂದರೆ ಮೊದಲ ವರ್ಷ ಅವರಲ್ಲಿ ಹೆಚ್ಚಿನವರ ನೋವು ಕಡಿಮೆಯಾಗಿಯೇ ಇತ್ತು. ಅಂದಿನಿಂದ ವಿಧಾನಗಳು ಸುಧಾರಿಸಿವೆ, ನಿಮ್ಮದು ಅಷ್ಟು ದೊಡ್ಡ ಹರುಕೂ ಅಲ್ಲ. ನಿಮ್ಮ ಅಳತೆಯದು ಕೂಡಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಮುಂದೆಂದೋ ಹೊಲಿಯಲಾಗದ ಸ್ಥಿತಿ ಬಂದು ಕೀಲೂ ಸವೆದರೆ, ಫ್ರಾನ್ಸಿನ ಗ್ರಾಮೊಂ 1985ರ ಸುಮಾರಿಗೆ ರೂಪಿಸಿದ, ಗುಂಡು ಮತ್ತು ಗುಳಿಯ ಜಾಗವನ್ನು ಅದಲುಬದಲು ಮಾಡಿದ ಕೃತಕ ಕೀಲು ಇದೆ. ಅದು ಕೊನೆಯ ದಾರಿ, ನಿಮಗೆ ಈಗ ಅದರ ಯೋಚನೆ ಬೇಡ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಲ್ಲಿನಲ್ಲಿ ಆ್ಯಂಕರ್‌ಗಳದ್ದು ದೊಡ್ಡ ಪಾಲು. ಎಷ್ಟು ಬೇಕಾಗಬಹುದು, ಒಂದಕ್ಕೆ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಉಳಿದವರಿಗೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷದವರೆಗೆ ನೆರವಿದೆ. ನಿಮ್ಮ ಆಪರೇಷನ್ ಅದರಡಿ ಬರುತ್ತದೆಯೇ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಬೇಕು. ನಿಮ್ಮ ಕಡೆಯವರಿಗೆ ಯಲಹಂಕದ ಸರ್ಕಾರಿ ಆಸ್ಪತ್ರೆ, ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ಹತ್ತಿರ. ಮೂಳೆ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಸಂಸ್ಥೆ ಸಂಜಯ ಗಾಂಧಿ ಆಸ್ಪತ್ರೆ ಜಯನಗರದಲ್ಲಿದೆ. ಯಶವಂತಪುರದಿಂದ ಜಯನಗರದ ಕಡೆಗೆ ಹಸಿರು ಮಾರ್ಗದ ಮೆಟ್ರೋ ನೇರ ಹೋಗುತ್ತದೆ, ಭುಜ ನೋಯುವವರಿಗೆ ಬಸ್ಸಿನ ನೂಕುನುಗ್ಗಲಿಗಿಂತ ಅದೇ ವಾಸಿ.

ಹಾಗಾದರೆ ಈಗ ಮಾಡಬೇಕಾದ್ದು. ಸಕ್ಕರೆಯ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಹತೋಟಿಯಲ್ಲಿಲ್ಲದಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಯಾವ ದಾರಿ ಹಿಡಿದರೂ ಅದು ಬೇಕು. ಫಿಸಿಯೋಥೆರಪಿ ಶುರುವಾದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆರು ವಾರಕ್ಕೆ ರಾತ್ರಿಯ ನಿದ್ದೆ ಸುಧಾರಿಸಬೇಕು, ಹನ್ನೆರಡು ವಾರಕ್ಕೆ ತಂತಿಯ ಮೇಲೆ ಬಟ್ಟೆ ಹರವುವುದು ಹಗುರಾಗಬೇಕು. ಆಗಿದ್ದರೆ ಮನೆಯ ವ್ಯಾಯಾಮ ಮುಂದುವರಿಸಿ, ವರ್ಷಕ್ಕೊಮ್ಮೆ ಅಲ್ಟ್ರಾಸೌಂಡಿನಲ್ಲಿ ಅಳತೆ ನೋಡಿಸಿ. ಕ್ರಮವಾಗಿ ಮಾಡಿಯೂ ನೋವು ಹಾಗೆಯೇ ಇದ್ದರೆ, ಬಲ ಇಳಿಯುತ್ತಾ ಹೋದರೆ, ಸ್ಕ್ಯಾನಿನಲ್ಲಿ ಹರುಕು ಬೆಳೆದಿದ್ದರೆ, ಆಗ ಹೆಬ್ಬಾಳದ ವೈದ್ಯರ ಬಳಿಗೆ ಸಂಕೋಚವಿಲ್ಲದೆ ಹೋಗಿ. ನಡುವೆ ಎಲ್ಲಾದರೂ ಬಿದ್ದು ತೋಳು ಒಮ್ಮೆಲೇ ಸೋತರೆ ಹನ್ನೆರಡು ವಾರದ ಲೆಕ್ಕವನ್ನು ಬಿಟ್ಟು ಆ ವಾರವೇ ತೋರಿಸಿ. ಇಂದಿನ ಎಂಆರ್‌ಐ ಸಿ.ಡಿ.ಯನ್ನು ಮಾತ್ರ ಜೋಪಾನವಾಗಿ ಎತ್ತಿಡಿ. ಹರುಕು ಬೆಳೆದಿದೆಯೇ ಇಲ್ಲವೇ ಎಂದು ಮುಂದೆ ಹೇಳುವವರಿಗೆ ಹೋಲಿಸಿ ನೋಡಲು ಬೇಕಾಗುವುದು ಅದೇ.